ಹಳೆಯ ಮನೆಗಳೂ ಇತಿಹಾಸ ಮಂಡಲಗಳೂ

ಯಾವ ನಾಡಿನ ಇತಿಹಾಸವೇ ಆಗಲಿ, ಆಧಾರಗಳಿಲ್ಲದೆ ನಿಲ್ಲಲಾರದು. ಶಿಲಾಶಾಸನ, ತಾಮ್ರಪಟ, ನಾಣ್ಯ, ತಾಡವಾಲೆ, ಕಡತ, ಪರದೇಶದ ಪ್ರವಾಸಿಕರ ಬರಹ ಇವೇ ಮೊದಲಾದವುಗಳನ್ನು ಇತಿಹಾಸದ ಆಧಾರಗಳೆಂದು ವಿದ್ವಾಂಸರು ಎಣಿಸಿಕೊಂಡು ಬಂದಿರುತ್ತಾರೆ. ಪರಂತು ಈ ಎಣಿಕೆಯಲ್ಲಿ ಒಂದು ಆಧಾರವು ಬಹುಮಟ್ಟಿಗೆ ಬಿಟ್ಟುಹೋಗಿದೆ. ಅದೇ ನಮ್ಮ ಹಿರಿಯರು ವಾಸವಾಗಿದ್ದ ಮನೆಯು. ಗುಡಿಯನ್ನು ಕಟ್ಟಿಸಿದವನು ತನ್ನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದನು. ಕೋಟೆಯನ್ನು ಕಟ್ಟಿಸಿದವನ ಬಿರುದುಗಳನ್ನು ಕವಿಗಳು ಕೊಂಡಾಡಿದರು. ಒಕ್ಕಲಿಗನು, ನೇಕಾರನು, ಬಣಜಿಗನು, ಬಡಿಗನು ಹುಟ್ಟಿ ಬಾಳಿದ ಮನೆಗೆ ಮಾತ್ರ ಯಾರೂ ಶಾಸನವನ್ನು ಹಾಕಿಸಲಿಲ್ಲ. ಅದರ ಗೋಡೆ, ಕಂಬ, ಅಟ್ಟಗಳೇ ಅದಕ್ಕೆ ಶಾಸನವಾಗಿರುತ್ತವೆ. ಮನೆಯು ಬಿದ್ದ ದಿನ ಆ ಶಾಸನವೂ ಅಳಿಯಿತು.

ಶ್ರೀಮಠದ ಈ ಮಹೋತ್ಸವದ ಪುಣ್ಯಕಾಲದಲ್ಲಿ ಪ್ರಕಟವಾಗುವ ಸಂಚಿಕೆಗೆ ಇತಿಹಾಸವಿಷಯಕವಾದ ಒಂದು ಲೇಖನವನ್ನು ಬರೆಯಬೇಕೆಂದು ಅಪ್ಪಣೆಯಾದಾಗ, ರಾಜವಂಶಗಳ ವೃತ್ತಾಂತವನ್ನು ಬರೆಯಬೇಕೆಂದು ಮೊದಲು ಮನಸ್ಸಾಗಿತ್ತು. ಆದರೆ ಅಂಥ ಲೇಖನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಸದ್ಭಕ್ತರು ತಮ್ಮ ಕಣ್ಣೆದುರಿಗೇ ಇರುವ, ತಮ್ಮ ಕೈಯಿಂದಲೇ ಉಳಿಯಬಹುದಾದ ಅಥವಾ ಅಳಿಯಬಹುದಾದ ಒಂದು ವಸ್ತುವಿನ ಕುರಿತು ನಾಲ್ಕು ಮಾತುಗಳನ್ನು ವಿಜ್ಞಾಪಿಸುವುದೇ ಉಚಿತವೆಂದು ತೋರಿ, ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ನಮ್ಮ ಬಯಲುಸೀಮೆಯ ಹಳೆಯ ಮಾಳಿಗೆಯ ಮನೆಯನ್ನು ಮೊದಲು ನೋಡುವಾ. ಹೆಬ್ಬಾಗಿಲಿನ ಎರಡೂ ಕಡೆಗೆ ಕಟ್ಟೆ. ದಾರಿಹೋಕನು ಕೇಳದೆಯೇ ಕುಳಿತುಕೊಳ್ಳಬಹುದಾದ ಸ್ಥಳವದು. ಒಳಗೆ ಕಾಲಿಟ್ಟರೆ ದನಗಳ ಗೋದಲಿ, ಅದರ ಮೇಲ್ಗಡೆಗೆ ಒಂದೆರಡು ಮೆಟ್ಟಿಲು ಏರಿದರೆ ಪಡಸಾಲೆ, ಬಳಿಕ ನಡುಮನೆ, ದೇವರ ಜಗಲಿ, ಅಡಿಗೆಯ ಮನೆ. ಜೋಳವನ್ನು ತುಂಬಿಡುವ ಹಗೇವು ನೆಲದೊಳಗೆ. ಮಾಳಿಗೆಯ ಮೇಲೆ ಸವುಳು ಮಣ್ಣು. ಮಳೆಗಾಲದ ಮುಂಚೆ ಅದನ್ನು ಹೊಸದಾಗಿ ಹಾಕಿ ಬಡಿದರೆ ನೀರು ಇಳಿಯದು. ನಡುವೆ ಬೆಳಕಿಂಡಿ. ಗೋಡೆಯು ಮೊಳಕ್ಕೂ ಮಿಕ್ಕಿ ದಪ್ಪವಾಗಿರುವುದರಿಂದ ಚೈತ್ರ ವೈಶಾಖಗಳ ಬಿಸಿಲಿನಲ್ಲಿಯೂ ಒಳಗೆ ತಂಪು. ಮಲೆನಾಡಿಗೆ ಹೋದರೆ ಇದೇ ಮನೆಯು ತೊಟ್ಟಿಯ ಮನೆಯಾಗುತ್ತದೆ, ಕರಾವಳಿಯಲ್ಲಿ ಚೌಕಿಯ ಮನೆಯಾಗುತ್ತದೆ, ಕೊಡಗಿನಲ್ಲಿ ಐನ್‌ಮನೆಯಾಗುತ್ತದೆ. ಮಳೆ, ಮಣ್ಣು, ಮರ, ಬೆಳೆ, ಒಕ್ಕಲುತನ, ಕೂಡು ಕುಟುಂಬ ಇವುಗಳೆಲ್ಲವೂ ಕೂಡಿ ಮನೆಯ ಆಕಾರವನ್ನು ನಿಶ್ಚಯಿಸಿದವು. ಗೋದಲಿಯು ಪಡಸಾಲೆಗೆ ಎದುರಾಗಿಯೇ ಏಕೆ ಇದೆಯೆಂದು ಕೇಳಿದವನಿಗೆ ಎತ್ತುಗಳಿಗೂ ಮನುಷ್ಯನಿಗೂ ಇದ್ದ ಸಂಬಂಧವು ತಿಳಿಯುತ್ತದೆ. ನಡುಮನೆಯ ಮಧ್ಯದಲ್ಲಿ ಆಮೇಲೆ ಎಬ್ಬಿಸಿದ ಗೋಡೆಯನ್ನು ನೋಡಿದವನಿಗೆ ಅಣ್ಣತಮ್ಮಂದಿರು ಪಾಲಾದ ಕಥೆಯು ತಿಳಿಯುತ್ತದೆ. ಇಂತಹ ಸಂಗತಿಗಳು ಯಾವ ಶಾಸನದಲ್ಲಿಯೂ ದೊರೆಯಲಾರವು.

ಇಷ್ಟೇ ಅಲ್ಲ. ನಾವು ಇಂದು ಹೆಮ್ಮೆಪಡುವ ಗ್ರಂಥಸಂಪತ್ತು ಸಹ ಬಹುಕಾಲ ಮನೆಗಳಲ್ಲಿಯೂ ಮಠಗಳಲ್ಲಿಯೂ ಅಡಗಿಕೊಂಡಿತ್ತು. ತಾಡವಾಲೆಯ ಕಟ್ಟುಗಳನ್ನು ಅಡಿಗೆಯ ಮನೆಯ ಅಟ್ಟದ ಮೇಲಿಡುವ ವಾಡಿಕೆಯು ಅನೇಕ ಕಡೆಗೆ ಇದ್ದಿತು. ಒಲೆಯ ಹೊಗೆಯು ತಾಗುತ್ತಿದ್ದರೆ ಹುಳವು ಮುಟ್ಟದೆಂಬುದನ್ನು ಹಿರಿಯರು ಅರಿತಿದ್ದರು. ದೇವರ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಟ್ಟುಗಳೂ ಇದ್ದವು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ಓಲೆಗಳನ್ನು ಸಂಗ್ರಹಿಸಿದ್ದು ಇಂತಹ ಮನೆಗಳ ಹಾಗೂ ಮಠಗಳ ಬಾಗಿಲನ್ನು ತಟ್ಟಿಯೇ. ಆ ಸಂಗ್ರಹದ ಫಲವಾಗಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಪ್ರಕಟವಾಯಿತು, 1925ರಲ್ಲಿ ಹಿತಚಿಂತಕ ಮುದ್ರಣಾಲಯವೂ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯೂ ಆರಂಭವಾದವು. ಈ ಕಾರ್ಯಕ್ಕಾಗಿ ಅವರು ತಮ್ಮ ಸ್ವಂತ ಮನೆಯನ್ನೇ ಮಾರಿದ ಸಂಗತಿಯು ಸರ್ವಶ್ರುತವಾಗಿದೆ. ಪರರ ಮನೆಗಳಲ್ಲಿದ್ದ ಸಂಪತ್ತನ್ನು ನಾಡಿಗೆ ಉಳಿಸಿಕೊಡಲು ತಮ್ಮ ಮನೆಯನ್ನು ಕಳೆದುಕೊಂಡ ಆ ಮಹನೀಯರನ್ನು ನೆನೆದಾಗ ಯಾರ ತಲೆಯು ತಾನಾಗಿ ಬಾಗದು? ಅವರು ಹೋಗುವಷ್ಟರಲ್ಲಿ ಆ ಮನೆಗಳು ಬಿದ್ದುಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರು ಒಂದು ಕ್ಷಣ ಯೋಚಿಸಬೇಕು.

ಇನ್ನು ಇತಿಹಾಸ ಮಂಡಲಗಳ ವಿಚಾರ. ತನ್ನ ಪ್ರಾಂತದ ಇತಿಹಾಸವನ್ನು ಆ ಪ್ರಾಂತದವರೇ ಕೂಡಿ ಹುಡುಕಬೇಕೆಂಬ ಬುದ್ಧಿಯು ನಮ್ಮಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೊಳೆಯಿತು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಪುಣೆಯಲ್ಲಿ 1910ರಲ್ಲಿ ವಿಶ್ವನಾಥ ಕಾಶಿನಾಥ ರಾಜವಾಡೆಯವರೂ ಅವರ ಸಂಗಡಿಗರೂ ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಸ್ಥಾಪಿಸಿದರು. ರಾಜವಾಡೆಯವರು ಹಳೆಯ ವಾಡೆಗಳಲ್ಲಿ ಧೂಳು ಹಿಡಿದು ಬಿದ್ದಿದ್ದ ದಫ್ತರಗಳನ್ನು ಊರೂರು ತಿರುಗಿ ಶೋಧಿಸಿ, ಮರಾಠರ ಇತಿಹಾಸದ ಸಾಧನಗಳನ್ನು 1898ರಿಂದ ಮೊದಲುಮಾಡಿ 22 ಸಂಪುಟಗಳಲ್ಲಿ ಹೊರತಂದರು. ನಮ್ಮಲ್ಲಿ ಆಲೂರು ವೆಂಕಟರಾಯರು 1905ರಲ್ಲಿ ಹಂಪೆಯನ್ನು ಕಂಡು ಮನಕರಗಿ, ಕನ್ನಡಿಗರು ತಮ್ಮ ಪೂರ್ವವೃತ್ತಾಂತವನ್ನು ಅರಿಯದೆ ತಲೆಯೆತ್ತಲಾರರೆಂದು ನಿಶ್ಚಯಿಸಿದರು. ಅವರ ಪ್ರಯತ್ನದಿಂದಲೇ 1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲವು ಸ್ಥಾಪಿತವಾಯಿತು. 1917ರಲ್ಲಿ ‘ಕರ್ನಾಟಕ ಗತವೈಭವ’ವು ಪ್ರಕಟವಾಯಿತು. 1939ರಲ್ಲಿ ಧಾರವಾಡದಲ್ಲಿಯೇ ಕನ್ನಡ ಸಂಶೋಧನ ಸಂಸ್ಥೆಯು ಉಂಟಾಯಿತು.

ಈ ಮಂಡಲಗಳ ಋಣವನ್ನು ನಾವು ತೀರಿಸಲಾರೆವು. ಆದರೂ ಒಂದು ಮಾತನ್ನು ವಿನಯಪೂರ್ವಕವಾಗಿ ಹೇಳದೆ ವಿಧಿಯಿಲ್ಲ. ಸಂಶೋಧಕರು ಮನೆಗಳಿಗೆ ಹೋಗಿ ಕಾಗದಗಳನ್ನೂ ಓಲೆಗಳನ್ನೂ ಉಳಿಸಿದರು. ಮನೆಯನ್ನು ಉಳಿಸುವ ವಿಚಾರವು ಆ ಕಾಲದಲ್ಲಿ ಯಾರಿಗೂ ಅಷ್ಟಾಗಿ ತೋರಲಿಲ್ಲ. ಅದಕ್ಕೆ ಕಾರಣವೂ ಇದ್ದಿತು. ಓಲೆಗಳು ಕೆಲವೇ ಇದ್ದವು. ಮನೆಗಳು ಎಲ್ಲೆಲ್ಲಿಯೂ ಇದ್ದವು. ಬಾವಿಯ ನೀರು ಬತ್ತುವ ತನಕ ಅದರ ಬೆಲೆಯನ್ನು ಯಾರು ಅರಿಯುವರು?

ಸರಕಾರದ ಕಾಯಿದೆಗಳೂ ಈ ಕೊರತೆಯನ್ನು ತುಂಬಲಿಲ್ಲ. ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ 1904ರಲ್ಲಿ ಕರ್ಜನ್ ಸಾಹೇಬನ ಕಾಲದಲ್ಲಿ ಒಂದು ಕಾಯಿದೆಯಾಯಿತು. ಸ್ವಾತಂತ್ರ್ಯಾನಂತರ 1958ರಲ್ಲಿ ಭಾರತ ಸರಕಾರವೂ, 1961ರಲ್ಲಿ ನಮ್ಮ ರಾಜ್ಯ ಸರಕಾರವೂ ಕಾಯಿದೆಗಳನ್ನು ಮಾಡಿದವು. ಇವುಗಳಿಂದ ಗುಡಿ, ಬಸದಿ, ಮಸೀದಿ, ಕೋಟೆ, ಗುಹೆಗಳಿಗೆ ಮಹೋಪಕಾರವಾಯಿತು. ಆದರೆ ಜನರು ಒಲೆ ಹೊತ್ತಿಸಿಕೊಂಡು ವಾಸವಾಗಿರುವ ಮನೆಗಳಲ್ಲಿ ಈ ಕಾಯಿದೆಗಳ ಆಶ್ರಯವು ದೊರೆತದ್ದು ಬೆರಳಿನಿಂದ ಎಣಿಸುವಷ್ಟಕ್ಕೆ ಮಾತ್ರ. ಐಹೊಳೆಯಲ್ಲಿರುವ ಲಾಡಖಾನ ಗುಡಿಯ ಹೆಸರನ್ನೇ ನೋಡಬಹುದು. ಚಾಲುಕ್ಯರ ಕಾಲದ ಆ ಗುಡಿಯಲ್ಲಿ ಒಂದಾನೊಂದು ಕಾಲಕ್ಕೆ ವಾಸವಾಗಿದ್ದ ಲಾಡಖಾನನೆಂಬವನ ಹೆಸರೇ ಅದಕ್ಕೆ ನಿಂತಿತು. ಗುಡಿಯು ರಕ್ಷಿತವಾಯಿತು. ಅಂಥ ಗುಡಿಗಳ ಸುತ್ತಲಿನ ಮನೆಗಳವರಿಗಾದರೋ ಕಾಯಿದೆಯು ಬೇರೊಂದು ರೀತಿಯಲ್ಲಿ ಬಂದಿತು. 2010ರ ತಿದ್ದುಪಡಿಯ ಮೇರೆಗೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತಲಿನ 100 ಮೀಟರು ನಿಷಿದ್ಧ ಪ್ರದೇಶ. ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಅಲ್ಲಿ ಮನೆಯನ್ನು ದುರಸ್ತಿ ಮಾಡಬೇಕಾದರೂ ಅನುಮತಿ ಬೇಕು. ಗುಡಿಗೆ ರಕ್ಷಕನಾದ ಕಾಯಿದೆಯು ನೆರೆಯ ಮನೆಗೆ ನಿರ್ಬಂಧವಾಗಿ ಮಾತ್ರ ತಿಳಿಯಿತು.

ಕೂಡಲಸಂಗಮದ ಉದಾಹರಣೆಯು ನಮ್ಮೆಲ್ಲರ ಹೃದಯಕ್ಕೆ ಹತ್ತಿರವಾದುದು. ನಾರಾಯಣಪುರದ ಜಲಾಶಯದ ಹಿನ್ನೀರು ಅಲ್ಲಿಗೆ ಏರಿಬರುವಂತಾದಾಗ, ಬಸವಣ್ಣನವರ ಐಕ್ಯಸ್ಥಾನದ ಸುತ್ತಲೂ ಬಾವಿಯಾಕಾರದ ಭದ್ರವಾದ ಗೋಡೆಯನ್ನು ಕಟ್ಟಿ ಅದನ್ನು ಸಂರಕ್ಷಿಸಲಾಯಿತು. ಇಂದು ನಾವು ಮೆಟ್ಟಿಲಿಳಿದು ದರ್ಶನವನ್ನು ಪಡೆಯುತ್ತೇವೆ. ಆ ಕಾರ್ಯವು ಸ್ತುತ್ಯವಾದುದು. ಆದರೆ ಅದೇ ಕೃಷ್ಣೆಯ ದಂಡೆಯಲ್ಲಿ, ನಾರಾಯಣಪುರ ಹಾಗೂ ಆಲಮಟ್ಟಿಯ ಹಿನ್ನೀರುಗಳಲ್ಲಿ ಎಷ್ಟೋ ಗ್ರಾಮಗಳು ಮುಳುಗಿದವು. ಬಾಗಲಕೋಟೆಯ ಹಳೆಯ ಊರಿನ ಒಂದು ಭಾಗವೂ ನೀರಿನ ಪಾಲಾಗಿ, ನವನಗರವು ಹುಟ್ಟಿತು. ರೈತರ ಹೊಲಗಳಿಗೆ ನೀರು ಬೇಕಾಗಿತ್ತು, ಅದರಲ್ಲಿ ಸಂದೇಹವಿಲ್ಲ. ಮುಳುಗಿದ ಮನೆಗಳಿಗೆ ಪರಿಹಾರಧನವನ್ನು ಕೊಡುವುದಕ್ಕಾಗಿ ಅಳತೆಯಾಯಿತು. ಆದರೆ ಯಾವ ಮನೆಯ ಕಂಬದಲ್ಲಿ ಯಾವ ಕೆತ್ತನೆಯಿತ್ತು, ಯಾವ ಪಡಸಾಲೆಯಲ್ಲಿ ಪುರಾಣವು ನಡೆಯುತ್ತಿತ್ತು ಎಂಬುದನ್ನು ಬರೆದಿಡುವುದು ಆ ಅಳತೆಯ ಕೆಲಸವಾಗಿರಲಿಲ್ಲ. ಅದು ಊರಿನವರ ಕೆಲಸವಾಗಿತ್ತು. 2019ರ ಶ್ರಾವಣದ ಮಹಾಪೂರದಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ತೀರದ ಮಣ್ಣಿನ ಮನೆಗಳು ಕುಸಿದುದನ್ನು ನಾವು ಕಣ್ಣಾರೆ ಕಂಡೆವು. ಆಗಲೂ ಹಾಗೆಯೇ ಆಯಿತು.

ಇಲ್ಲಿ ಒಂದು ಆಕ್ಷೇಪಣೆಯು ಬರುವುದುಂಟು, ಅದು ನ್ಯಾಯವಾದುದೂ ಅಹುದು. ಹಳೆಯ ಮನೆಯನ್ನು ಹೊಗಳುವವನು ಅದರಲ್ಲಿ ವಾಸವಾಗಿಲ್ಲದವನು; ಮಾಳಿಗೆಯ ಮಣ್ಣನ್ನು ವರ್ಷವರ್ಷವೂ ಹಾಕಿಸುವ ಖರ್ಚು ಅವನದಲ್ಲ, ಸೋರುವ ಮೂಲೆಯಲ್ಲಿ ಮಗುವನ್ನು ಮಲಗಿಸುವ ತಾಯಿಯ ಕಷ್ಟವೂ ಅವನದಲ್ಲ. ಹಳೆಯ ಮನೆಯಲ್ಲಿ ಎಲ್ಲವೂ ಒಳ್ಳೆಯದೇ ಇದ್ದಿತೆಂದು ಹೇಳುವುದು ಸತ್ಯವಲ್ಲ. ಯಾರು ಕಟ್ಟೆಯ ತನಕ ಬರಬಹುದು, ಯಾರು ಪಡಸಾಲೆಯ ತನಕ, ಯಾರು ಬಾಗಿಲಿನ ಹೊರಗೇ ನಿಲ್ಲಬೇಕು ಎಂಬ ಭೇದವನ್ನೂ ಅದೇ ಮನೆಯು ಹೊಸ್ತಿಲುಗಳಿಂದ ಅಳೆದಿಟ್ಟಿತ್ತು. ಹೆಣ್ಣುಮಕ್ಕಳು ಬೆಳಕು ಕಾಣದ ಅಡಿಗೆಯ ಮನೆಯಲ್ಲಿ ಹೊಗೆಯನ್ನು ಕುಡಿದು ಆಯುಷ್ಯವನ್ನು ಕಳೆದರು. ಆದಕಾರಣ ಹಳೆಯ ಮನೆಗಳೆಲ್ಲವೂ ಹಾಗೆಯೇ ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ಏನು ಉಳಿಯಬೇಕು, ಏನು ಹೋಗಬೇಕು ಎಂಬುದನ್ನು ನೋಡಿ, ತಿಳಿದು, ಬರೆದಿಟ್ಟು ಆಮೇಲೆ ನಿರ್ಣಯಿಸಬೇಕೆಂಬುದಷ್ಟೇ ನನ್ನ ವಾದವು. ಭೇದವನ್ನು ಅಳೆದ ಹೊಸ್ತಿಲೂ ಇತಿಹಾಸವೇ. ಅದನ್ನು ಮರೆತರೆ ನಾವು ಎಲ್ಲಿಂದ ಬಂದೆವೆಂಬುದನ್ನೇ ಮರೆತಂತಾಗುವುದು.

ಊರಿನವರು ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ದೃಷ್ಟಾಂತಗಳಿಲ್ಲದೆ ಇಲ್ಲ. ಅಮೆರಿಕ ದೇಶದ ಚಾರ್ಲ್ಸ್‌ಟನ್ ಎಂಬ ಊರಿನಲ್ಲಿ ಜೋಸೆಫ್ ಮ್ಯಾನಿಗಾಲ್ಟ್ ಎಂಬವನ ಹಳೆಯ ಮನೆಯನ್ನು ಕೆಡವುವ ಪ್ರಸಂಗವು ಬಂದಾಗ, 1920ರಲ್ಲಿ ಸೂಸನ್ ಪ್ರಿಂಗಲ್ ಫ್ರಾಸ್ಟ್ ಎಂಬ ಮಹಿಳೆಯೂ ಆಕೆಯ ನೆರೆಹೊರೆಯವರೂ ಕೂಡಿ ಹಳೆಯ ವಾಸಗೃಹಗಳ ಸಂರಕ್ಷಣೆಗಾಗಿಯೇ ಒಂದು ಸಂಘವನ್ನು ಕಟ್ಟಿದರು. ಆ ಮನೆಯು ಉಳಿಯಿತು. 1933ರಲ್ಲಿ ಊರಿನ ವಸ್ತುಸಂಗ್ರಹಾಲಯದ ವಶಕ್ಕೆ ಬಂದಿತು. 1931ರಲ್ಲಿ ಆ ಊರಿನ ಆಡಳಿತವು ಹಳೆಯ ಕೇರಿಗಳ ಮನೆಗಳ ಹೊರರೂಪವನ್ನು ಪರೀಕ್ಷೆಯಿಲ್ಲದೆ ಬದಲಿಸಕೂಡದೆಂದು ಕಟ್ಟಳೆಯನ್ನು ಮಾಡಿತು. ಆ ದೇಶದಲ್ಲಿ ಅಂಥ ಕಟ್ಟಳೆಗಳಲ್ಲಿ ಅದೇ ಮೊದಲನೆಯದು. ಮೊದಲು ನೆರೆಯವರ ಸಂಘ, ಬಳಿಕ ಕಾಯಿದೆ ಎಂಬ ಕ್ರಮವನ್ನು ಲಕ್ಷ್ಯದಲ್ಲಿಡಬೇಕು. ಆದರೆ ಅಲ್ಲಿಂದ ಕಲಿಯಬೇಕಾದ ಎಚ್ಚರಿಕೆಯ ಪಾಠವೂ ಒಂದುಂಟು. ಕೇರಿಗಳು ಅಂದವಾದಂತೆ ಮನೆಗಳ ಬೆಲೆಯು ಏರಿ, ಅವುಗಳಲ್ಲಿ ಬಾಡಿಗೆಗಿದ್ದ ಕಪ್ಪು ಜನಾಂಗದ ಬಡವರಲ್ಲಿ ಅನೇಕರು ಸ್ಥಳವನ್ನು ಬಿಟ್ಟುಹೋಗಬೇಕಾಯಿತು. ಗೋಡೆಯು ಉಳಿದು ಮನುಷ್ಯನು ಹೊರಬಿದ್ದರೆ ಅದನ್ನು ಪೂರ್ಣವಾದ ರಕ್ಷಣೆಯೆಂದು ಹೇಗೆ ಹೇಳಲಿ?

ನಮ್ಮ ನಾಡಿನಲ್ಲಿಯೂ ಒಬ್ಬ ವ್ಯಕ್ತಿಯ ಹಟದಿಂದ ಮಹಾಕಾರ್ಯವಾದುದುಂಟು. ಮಣಿಪಾಲದ ವಿಜಯನಾಥ ಶೆಣೈಯವರು ಬ್ಯಾಂಕಿನ ನೌಕರರು. ಹಳೆಯ ಮನೆಗಳನ್ನು ಕೆಡವಿ ಕಂಬ ಬಾಗಿಲುಗಳನ್ನು ಸೌದೆಯ ಬೆಲೆಗೆ ಮಾರುವುದನ್ನು ಕಂಡು ನೊಂದ ಅವರು, ಅವುಗಳನ್ನು ಕೊಂಡು ತಮ್ಮ ವಾಸದ ಮನೆಯನ್ನು ಕಟ್ಟಿಕೊಂಡರು. ಅದನ್ನು ನೋಡಲು ಬರುವವರ ಸಂಖ್ಯೆಯು ಹೆಚ್ಚಿತು. ಮುಂದೆ ಹಸ್ತಶಿಲ್ಪ ಎಂಬ ಸಂಸ್ಥೆಯ ಮೂಲಕ, ಬೀಳಲಿದ್ದ ಮನೆಗಳನ್ನು ಕಲ್ಲು ಕಲ್ಲಾಗಿ, ತೊಲೆ ತೊಲೆಯಾಗಿ ಬಿಚ್ಚಿ, ಗುರುತು ಹಾಕಿ ತಂದು, ಸುಮಾರು ಆರು ಎಕರೆಯ ನೆಲದಲ್ಲಿ ಮತ್ತೆ ನಿಲ್ಲಿಸಿದರು. ಮಿಯಾರಿನ ಮನೆ, ಭಟಕಳದ ನವಾಯತರ ಮನೆ, ಮುಧೋಳದ ದರಬಾರು ಮಂದಿರ ಮೊದಲಾದವುಗಳ ಜೊತೆಗೆ ಒಂದು ಜಂಗಮಮಠದ ಕಟ್ಟಡವೂ ಅಲ್ಲಿ ಆಶ್ರಯವನ್ನು ಪಡೆದಿದೆ. ಶೆಣೈಯವರು 2017ರಲ್ಲಿ ದಿವಂಗತರಾದರು. ತನ್ನ ನೆಲವನ್ನು ಬಿಟ್ಟು ಬಂದ ಮನೆಯು ತವರನ್ನು ಬಿಟ್ಟ ಮಗಳಂತೆ ಎಂಬುದು ನಿಜ. ಆದರೂ ಅದು ಬದುಕಿದೆ.

ಮೈಸೂರಿನಲ್ಲಿ ಕಾದಂಬರಿಕಾರ ಆರ್. ಕೆ. ನಾರಾಯಣರು ಕಟ್ಟಿಸಿದ ಯಾದವಗಿರಿಯ ಮನೆಯನ್ನು 2011ರಲ್ಲಿ ಕೆಡವಲು ಮೊದಲುಮಾಡಿದಾಗ, ಊರಿನ ನಾಗರಿಕರು ಧ್ವನಿಯೆತ್ತಿದ್ದರಿಂದ ಆ ಕೆಲಸವು ನಿಂತಿತು. ಮಹಾನಗರಪಾಲಿಕೆಯು ಅದನ್ನು ಸರಿಪಡಿಸಿ 2016ರಲ್ಲಿ ಸ್ಮಾರಕವಾಗಿ ತೆರೆಯಿತು. ಕುಪ್ಪಳಿಯಲ್ಲಿ ಕುವೆಂಪುರವರ ತೊಟ್ಟಿಯ ಮನೆಯು ಕವಿಮನೆಯೆಂಬ ಹೆಸರಿನಿಂದ ಯಾತ್ರಾಸ್ಥಳದಂತೆ ಆಗಿದೆ. ಆದರೆ ಎಲ್ಲ ಮನೆಗಳಲ್ಲಿಯೂ ಕವಿಗಳು ಹುಟ್ಟಲಾರರು. ಸಾಮಾನ್ಯರ ಮನೆಯನ್ನು ಉಳಿಸುವ ದಾರಿಯನ್ನು ನಾವು ಕೊಡಗಿನಿಂದ ಕಲಿಯಬೇಕು. ಅಲ್ಲಿಯ ಐನ್‌ಮನೆಯು ಒಬ್ಬನದಲ್ಲ, ಇಡಿಯ ಒಕ್ಕದ್ದು. ದೂರದ ಪಟ್ಟಣಗಳಲ್ಲಿ ನೆಲೆಸಿದವರೂ ಪುತ್ತರಿಯ ಹಬ್ಬಕ್ಕೂ ಹಿರಿಯರ ಕಾರಣಕ್ಕೂ ಅಲ್ಲಿಗೆ ಬಂದು ಕೂಡುತ್ತಾರೆ. ಬೊವ್ವೇರಿಯಂಡ ನಂಜಮ್ಮ ಹಾಗೂ ಚಿಣ್ಣಪ್ಪ ದಂಪತಿಗಳು ಮನೆಯಿಂದ ಮನೆಗೆ ಹೋಗಿ ವಿವರಗಳನ್ನು ಕಲೆಹಾಕಿ, ಐನ್‌ಮನೆಗಳ ಕುರಿತಾದ ಗ್ರಂಥವನ್ನು 2014ರಲ್ಲಿ ಹೊರತಂದರು. ವರ್ಷಕ್ಕೊಮ್ಮೆಯಾದರೂ ದೀಪವು ಹತ್ತುವ ಮನೆಯು ಬೇಗನೆ ಬೀಳದು.

ಇನ್ನೊಬ್ಬರಿಗೆ ಬುದ್ಧಿಯನ್ನು ಹೇಳುವ ಮುನ್ನ ನನ್ನ ಸ್ವಂತ ಅಪರಾಧವನ್ನು ಒಪ್ಪಿಕೊಳ್ಳುವುದು ಧರ್ಮವಾಗಿದೆ. ನಾನು ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದುತ್ತಿದ್ದ ಕಾಲಕ್ಕೆ ನಮ್ಮ ಹಿರಿಯರ ಮಾಳಿಗೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸಬೇಕೆಂದು ನಿಶ್ಚಯವಾಯಿತು. ರಜೆಗೆಂದು ಊರಿಗೆ ಹೋಗಿದ್ದೆನು. ಅಟ್ಟವನ್ನು ಬರಿದು ಮಾಡುವಾಗ ಹೊಗೆಯಿಂದ ಕಪ್ಪಾದ ಒಂದು ಓಲೆಯ ಕಟ್ಟೂ, ಅರಿವೆಯಲ್ಲಿ ಸುತ್ತಿದ ಎರಡು ಕಡತಗಳೂ ದೊರೆತವು. ನಮ್ಮ ದೊಡ್ಡಪ್ಪನವರು ಅವುಗಳನ್ನು ನನ್ನ ಮುಂದಿಟ್ಟು, “ತಮ್ಮಾ, ನೀ ಓದಿದಾಂವ. ಇವನ್ನ ಇಡೂದೋ ಬಿಡೂದೋ ನೀನ ಹೇಳು” ಎಂದರು. ಅಂಚುಗಳು ಮುರಿದಿದ್ದವು, ಅಕ್ಷರಗಳು ಸರಿಯಾಗಿ ಕಾಣಿಸುತ್ತಿರಲಿಲ್ಲ. ಎರಡು ಗಳಿಗೆ ಕೂಡ ನಾನು ಅವುಗಳನ್ನು ನೋಡಲಿಲ್ಲ. ಜೀರ್ಣವಾದುದನ್ನು ಹೊಳೆಗೆ ಬಿಡುವುದೇ ಪದ್ಧತಿಯೆಂದು ಪಂಡಿತನಂತೆ ನುಡಿದೆನು. ಮರುದಿನ ಅವು ಮಲಪ್ರಭೆಯ ಪಾಲಾದವು. ಮನೆಯ ಕಂಬಗಳನ್ನು ಗುಜರಿಯವನು ಒಯ್ದನು. ಮುಂದೆ ಹಸ್ತಪ್ರತಿಗಳನ್ನು ಓದುವ ಕೆಲಸವೇ ನನ್ನ ಪಾಲಿಗೆ ಬಂದಾಗ, ಅದಕ್ಕಿಂತ ಹೆಚ್ಚು ಕೆಟ್ಟ ಸ್ಥಿತಿಯ ಓಲೆಗಳನ್ನು ಎಣ್ಣೆ ಹಚ್ಚಿ, ಮಸಿ ತುಂಬಿ ಓದಿದ್ದೇನೆ. ಆ ಕಟ್ಟಿನಲ್ಲಿ ಬರಿಯ ಕಾಳಿನ ಲೆಕ್ಕವೇ ಇದ್ದಿತೋ, ಯಾವುದಾದರೊಂದು ಪುರಾಣವಿದ್ದಿತೋ, ಇಂದು ಹೇಳಬಲ್ಲವರು ಯಾರೂ ಇಲ್ಲ. ದೊಡ್ಡಪ್ಪನವರು ನನ್ನ ಮಾತನ್ನು ನಂಬಿದರು. ಆ ನಂಬಿಕೆಯೇ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದುದರಿಂದ ಸದ್ಭಕ್ತರಲ್ಲಿ ನನ್ನ ಬಿನ್ನಹವಿಷ್ಟೇ. ಮನೆಯನ್ನು ಕೆಡವಲೇಬೇಕಾದಲ್ಲಿ, ಗುದ್ದಲಿ ಹಾಕುವ ಮೊದಲು ಎಂಟು ದಿನಗಳ ಅವಕಾಶವನ್ನು ಕೊಡಿರಿ. ಅಟ್ಟ, ಮಾಡ, ಹಗೇವುಗಳನ್ನು ನಿಧಾನವಾಗಿ ಶೋಧಿಸಿರಿ. ದೊರೆತ ಓಲೆ ಕಾಗದಗಳನ್ನು ಬಲ್ಲವರಿಗೆ ತೋರಿಸದೆ ನೀರಿಗಾಗಲಿ ಬೆಂಕಿಗಾಗಲಿ ಒಪ್ಪಿಸಬೇಡಿರಿ. ಮೆಟ್ಟಿಲಾಗಿಯೋ ಅರಿವೆ ಒಗೆಯುವ ಕಲ್ಲಾಗಿಯೋ ಬಿದ್ದಿರುವ ಕಲ್ಲನ್ನು ಮಗುಚಿ ನೋಡಿರಿ, ಅದು ವೀರಗಲ್ಲಾಗಿರಬಹುದು. ಮನೆಯ ನಕ್ಷೆಯನ್ನು ಬರೆದುಕೊಂಡು, ಪ್ರತಿಯೊಂದು ಭಾಗಕ್ಕೂ ನಿಮ್ಮ ಊರಿನಲ್ಲಿರುವ ಹೆಸರನ್ನು ಗುರುತಿಸಿರಿ, ಛಾಯಾಚಿತ್ರಗಳನ್ನು ತೆಗೆಯಿರಿ. ಮನೆಯ ಹಿರಿಯರನ್ನು, ಮುಖ್ಯವಾಗಿ ಹಿರಿಯ ಹೆಣ್ಣುಮಕ್ಕಳನ್ನು ಕುಳ್ಳಿರಿಸಿಕೊಂಡು, ಯಾರು ಕಟ್ಟಿಸಿದರು, ಬಡಿಗನು ಯಾವ ಊರಿನವನು, ಯಾವ ಬರಗಾಲದಲ್ಲಿ ಹಗೇವು ಬರಿದಾಯಿತು ಎಂಬುದನ್ನು ಕೇಳಿ ಬರೆದುಕೊಳ್ಳಿರಿ. ತಲೆಬಾಗಿಲನ್ನೂ ಕಂಬಗಳನ್ನೂ ಮಾರದೆ ಹೊಸ ಮನೆಯಲ್ಲಿಯೇ ನಿಲ್ಲಿಸಿರಿ. ಇದಕ್ಕಾಗಿ ಊರಿಗೊಂದು ಇತಿಹಾಸ ಮಂಡಲವಿರಲಿ. ಒಬ್ಬ ಶಾಲಾಮಾಸ್ತರರು, ಒಬ್ಬ ಬಡಿಗರು, ಒಬ್ಬ ಹಿರಿಯ ತಾಯಿ, ನಾಲ್ವರು ಉತ್ಸಾಹಿ ತರುಣರು ಕೂಡಿದರೆ ಸಾಕು. ದೊಡ್ಡ ಧನವು ಬೇಕಾಗಿಲ್ಲ.

ಮಠಗಳಿಗೂ ಈ ಮಾತು ಸಲ್ಲುತ್ತದೆಂದು ಹೇಳುವ ಧೈರ್ಯವನ್ನು ಹಿರಿಯರು ಕ್ಷಮಿಸಬೇಕು. ಜೀರ್ಣೋದ್ಧಾರವೆಂದರೆ ಜೀರ್ಣವಾದುದನ್ನು ಮೇಲೆತ್ತುವುದು. ಇತ್ತೀಚೆಗೆ ನಾವು ಜೀರ್ಣವಾದುದನ್ನು ತೆಗೆದುಹಾಕುವುದಕ್ಕೂ ಅದೇ ಶಬ್ದವನ್ನು ಬಳಸುತ್ತಿದ್ದೇವೆ. ಸಿಮೆಂಟಿನ ಸಭಾಭವನಕ್ಕೆ ಸ್ಥಳವು ಬೇಕಾದಾಗ ಹಳೆಯ ಪಡಸಾಲೆಯನ್ನೇ ಮೊದಲು ನೋಡಬಾರದು. ಭಕ್ತರ ಮನೆಗಳಿಂದ ಬರುವ ಓಲೆ, ಕಡತ, ನಕ್ಷೆಗಳನ್ನು ಇಡುವುದಕ್ಕೆ ಶ್ರೀಮಠದಲ್ಲಿ ಒಂದು ಕೋಣೆಯು ಮೀಸಲಾದರೆ, ಈ ಮಹೋತ್ಸವದ ನೆನಪು ಹಬ್ಬದ ಚಪ್ಪರವನ್ನು ಬಿಚ್ಚಿದ ಮೇಲೆಯೂ ಉಳಿಯುವುದು.

ಗುಡಿಗಳಿಗೆ ಅರಸರೂ ಸರಕಾರಗಳೂ ರಕ್ಷಕರಾದರು. ಮನೆಗೆ ಅದರಲ್ಲಿ ಇರುವವರೂ ಅದರ ನೆರೆಯವರೂ ಅಲ್ಲದೆ ಬೇರೆ ರಕ್ಷಕರಿಲ್ಲ. ಈ ಸಂಚಿಕೆಯನ್ನು ಓದಿದವರಲ್ಲಿ ಒಬ್ಬರಾದರೂ ತಮ್ಮ ಅಟ್ಟವನ್ನು ಏರಿ, ದೀಪವನ್ನು ಹಿಡಿದು ನೋಡಿದರೆ, ನಾನು ಹೊಳೆಗೆ ಬಿಡಿಸಿದ ಆ ಕಟ್ಟಿನ ಋಣದಲ್ಲಿ ಒಂದು ಕಾಸಿನಷ್ಟಾದರೂ ತೀರಿತೆಂದು ಭಾವಿಸುವೆನು.